ರೈಡ್ ರಾಯರು

ಯುರೋಪಿನ ಗಡಿಯಾರ ನೋಡಿಕೊಂಡು ರಾತ್ರಿಯ ಊಟಕ್ಕೆ ಕೂರುವ ಮನೆ ಇಡೀ ಹನುಮಂತನಗರದಲ್ಲಿ ಒಂದೇ. ಅದು ರೈಡ್ ರಾಯರದು. ಮಾರ್ಚ್ ತಿಂಗಳ ಕೊನೆಯ ಭಾನುವಾರ ಜರ್ಮನಿಯವರು ತಮ್ಮ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ. ಆ ವಾರದಿಂದ ರಾಯರ ಮನೆಯಲ್ಲಿ ಸಾರು ಒಂದು ಗಂಟೆ ಮೊದಲೇ ಕುದಿಯಬೇಕು. ಅಕ್ಟೋಬರ್ ಕೊನೆಯ ಭಾನುವಾರ ಅವರು ಹಿಂದಕ್ಕೆ ತಿರುಗಿಸುತ್ತಾರೆ. ಇಲ್ಲಿ ಸಾರಿಗೆ ಒಂದು ಗಂಟೆ ಬಿಡುವು. ಕೆಲಸದಾಕೆಗೂ ಈ ಪಂಚಾಂಗ ಬಾಯಿಪಾಠ. "ಅಮ್ಮಾ, ಜರ್ಮನಿ ಟೈಮು ಚೇಂಜ್ ಆಯ್ತಾ?" ಅಂತ ಕೇಳಿಕೊಂಡೇ ಅವಳು ಸಂಜೆ ಪಾತ್ರೆಗೆ ಬರುವುದು.

ಇದಕ್ಕೆಲ್ಲ ಮೂಲ 2004ರ ನವೆಂಬರಿನಲ್ಲಿ ಅಮೆರಿಕದ ಬ್ಲಿಝರ್ಡ್ ಕಂಪನಿ ಬಿಡುಗಡೆ ಮಾಡಿದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟ. ಸಾವಿರಾರು ಜನ ಒಂದೇ ಲೋಕದೊಳಗೆ ಒಟ್ಟಿಗೆ ಇದ್ದು, ಒಬ್ಬೊಬ್ಬರು ಒಂದೊಂದು ವೇಷ ಹಾಕಿ, ಕತ್ತಿ ಹಿಡಿದೋ ಮಂತ್ರ ಹಾಕಿಯೋ ರಾಕ್ಷಸರನ್ನು ಕೊಲ್ಲುತ್ತ ದೊಡ್ಡವರಾಗುವ ಆಟ. 2010ರ ಹೊತ್ತಿಗೆ ತಿಂಗಳಾ ದುಡ್ಡು ಕಟ್ಟಿ ಆಡುವವರು ಒಂದು ಕೋಟಿ ಇಪ್ಪತ್ತು ಲಕ್ಷ ಮಂದಿ ಇದ್ದರು. ಅವರಲ್ಲಿ ನಮ್ಮ ರಾಯರೂ ಒಬ್ಬರು. ಕಂಪನಿಯವರು ಅವರನ್ನು ಒಂದೂವರೆ ವರ್ಷಕ್ಕೆಂದು ಜರ್ಮನಿಗೆ ಆನ್‌ಸೈಟ್ ಕಳಿಸಿದ್ದರು. ಜೊತೆಗೆ ಹೋದವರು ಬರುವಾಗ ಚಾಕೊಲೇಟು, ಕುಕ್ಕರಿಗೆ ಹೊಂದದ ಪಾತ್ರೆಸೆಟ್ಟು, ಕೋಗಿಲೆ ಕೂಗುವ ಗಡಿಯಾರ ತಂದರು. ರಾಯರು ಇದನ್ನು ತಂದರು.

ಭಾರತದಲ್ಲಿ ಈ ಆಟಕ್ಕೆ ಸರ್ವರ್ ಇಲ್ಲ. ಆದ್ದರಿಂದ ಇಲ್ಲಿಗೆ ವಾಪಸು ಬಂದ ಮೇಲೂ ರಾಯರ ಸಂಸಾರ ಯುರೋಪಿನ ಸರ್ವರಿನಲ್ಲೇ ಉಳಿಯಿತು. ಅಲ್ಲಿಯ ಗಿಲ್ಡಿನವರು, ಅಂದರೆ ಕೂಡಿ ಆಡುವ ತಂಡದವರು, ರಾತ್ರಿ ಏಳೂವರೆಗೆ ಉಂಡು ಕೈ ತೊಳೆದು ಕೂತರೆ ಚಳಿಗಾಲದಲ್ಲಿ ಇಲ್ಲಿ ಸರಿಯಾಗಿ ನಡುರಾತ್ರಿ ಹನ್ನೆರಡು. ಯುರೋಪಿನ ಸರ್ವರುಗಳಲ್ಲಿ ವಾರದ ಲೆಕ್ಕ ಹೊಸದಾಗುವುದು ಬುಧವಾರ ಬೆಳಿಗ್ಗೆ. ಹೋದ ವಾರ ಸತ್ತ ರಾಕ್ಷಸರೆಲ್ಲ ಅವತ್ತು ಮತ್ತೆ ಹುಟ್ಟಿ ತಮ್ಮ ತಮ್ಮ ಜಾಗದಲ್ಲಿ ಬಂದು ನಿಲ್ಲುತ್ತಾರೆ. ಹಾಗಾಗಿ ಬುಧವಾರ ರಾತ್ರಿ ರೈಡ್, ಅಂದರೆ ತಂಡದವರೆಲ್ಲ ಕೂಡಿ ಅವರ ಮೇಲೆ ಮಾಡುವ ದಾಳಿ. ಗುರುವಾರ ಬೆಳಿಗ್ಗೆ ಮಠಕ್ಕೆ ಬಂದ ನಮ್ಮ ರಾಯರ ಕೆಂಡದಂಥ ಕಣ್ಣು ನೋಡಿ ಅರ್ಚಕರು ಒಂದು ದಿನ ನನ್ನ ಕಿವಿಯಲ್ಲಿ, "ಈ ಕಾಲದಲ್ಲೂ ಬುಧವಾರ ರಾತ್ರಿಯಿಂದ ಜಾಗರಣೆ ಮಾಡೋರಿದಾರೆ ನೋಡಿ" ಅಂದರು. ನಾನು ಸುಮ್ಮನಿದ್ದೆ. ಮಾಡುತ್ತಿದ್ದದ್ದಂತೂ ಜಾಗರಣೆಯೇ.

ಇಂಥ ರಾಯರು ಈಗ ಎಲ್ಲ ಬಡಾವಣೆಯಲ್ಲೂ ಒಬ್ಬೊಬ್ಬರಿದ್ದಾರೆ. ನಲವತ್ತು ದಾಟಿದ ವಯಸ್ಸು, ಸಾಫ್ಟ್‌ವೇರ್ ಕಂಪನಿಯಲ್ಲಿ ಟೆಸ್ಟಿಂಗ್ ಮ್ಯಾನೇಜರ್ ಥರದ ಕೆಲಸ, ಸೊಂಟಕ್ಕೆ ಬೆಲ್ಟು, ಮುಂಗೈಗೆ ಕ್ರೇಪ್ ಬ್ಯಾಂಡೇಜು. ಮೊಬೈಲಿನಲ್ಲಿ ಪಬ್‌ಜಿ ಆಡುವ ಹುಡುಗರನ್ನು ಕಂಡರೆ ತಾತ್ಸಾರ. "ಅರ್ಧ ಗಂಟೇಲಿ ಮುಗಿದುಹೋಗೋದೂ ಒಂದು ಆಟವೇನ್ರೀ?" ಅಂತ ಕೇಳುತ್ತಾರೆ. ಅವರ ಪ್ರಕಾರ ಆಟ ಅಂದರೆ ಹದಿನೈದು ವರ್ಷವಾದರೂ ಮುಗಿಯಬಾರದು, ಮತ್ತು ಅದರಲ್ಲಿ ಹದಿನಾಲ್ಕು ವರ್ಷ ಏನೂ ನಡೆಯಬಾರದು.

ಆಟದೊಳಗೆ ರಾಯರು ಒಬ್ಬ ಕುಳ್ಳ ಪುರೋಹಿತ. ಸೊಂಟ ದಾಟಿದ ಗಡ್ಡ, ಕೈಯಲ್ಲಿ ದಂಡ. ಅವರ ತಂದೆ ದೊಡ್ಡ ರಾಯರು, ತಾಲ್ಲೂಕು ಕಚೇರಿಯಲ್ಲಿ ಶಿರಸ್ತೇದಾರರಾಗಿ ನಿವೃತ್ತರಾದವರು, ಮೊದಲ ಸಲ ಪರದೆ ಮೇಲೆ ಆ ಆಕೃತಿ ನೋಡಿ ವಿಚಾರಿಸಿ ತಿಳಿದುಕೊಂಡು ಸೊಸೆಗೆ ಹೇಳಿದ್ದು ಇಷ್ಟೇ: "ಇಲ್ಲಿ ಸಂಧ್ಯಾವಂದನೆ ಬಿಟ್ಟ. ಅಲ್ಲಿ ಪೌರೋಹಿತ್ಯ ಹಿಡಿದಿದಾನೆ."

ಪುರೋಹಿತನ ಕೆಲಸ ಕೊಲ್ಲುವುದಲ್ಲ, ಬದುಕಿಸುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಮೋಲ್ಟನ್ ಕೋರ್ ಎಂಬ ಬೆಂಕಿಯ ಗುಹೆಗೆ ನಲವತ್ತು ಜನ ಒಟ್ಟಿಗೆ ನುಗ್ಗಬೇಕು. ಒಳಗೆ ಹತ್ತು ಮಂದಿ ದೊಡ್ಡ ರಾಕ್ಷಸರು, ಕೊನೆಯವನು ರಾಗ್ನರೋಸ್. ಮುಂದೆ ನಿಂತು ಏಟು ತಿನ್ನುವವನು ಟ್ಯಾಂಕ್. ಅವನಿಗೆ ಬುದ್ಧಿಗಿಂತ ಮುಖ್ಯವಾಗಿ ಚರ್ಮ ದಪ್ಪ ಇರಬೇಕು. ಹಿಂದೆ ನಿಂತು ಬಾಣ, ಬೆಂಕಿ ಎಸೆಯುವವರು ಬಹಳ ಮಂದಿ. ಹೆಸರು ಬರುವುದೆಲ್ಲ ಅವರಿಗೆ. ಇವರೆಲ್ಲರ ಪ್ರಾಣ ಹೋಗದಂತೆ ಕಾಯುವವನು ಹೀಲರ್. ಪರದೆಯ ಒಂದು ಮೂಲೆಯಲ್ಲಿ ನಲವತ್ತು ಹಸಿರು ಪಟ್ಟಿಗಳಿರುತ್ತವೆ, ಒಬ್ಬೊಬ್ಬರ ಆಯುಸ್ಸು. ಪಟ್ಟಿ ಕುಗ್ಗಿತೋ, ಒತ್ತು. ಮತ್ತೊಂದು ಕುಗ್ಗಿತೋ, ಒತ್ತು. ಎಲ್ಲಾ ಸರಿಹೋದರೆ ಯಾರೂ ಥ್ಯಾಂಕ್ಸ್ ಹೇಳುವುದಿಲ್ಲ, ಒಬ್ಬ ಸತ್ತರೆ, "ಹೀಲರ್ ಏನ್ ಮಾಡ್ತಿದ್ದ?"

ರಾಯರು ಒಂದು ಸಲ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ರೈಡ್ ತೋರಿಸಿದರು. ಗುಹೆಯ ನಡುವೆ ಬೆಂಕಿಯ ಸರೋವರ, ಅದರೊಳಗಿಂದ ಎದ್ದು ನಿಂತ ಜ್ವಾಲೆಯ ದೈತ್ಯ, ಸುತ್ತ ಸಿಡಿಲು, ಲಾವಾ. ನಾನು ಬಾಯಿ ಬಿಟ್ಟುಕೊಂಡು, "ಅಬ್ಬಾ, ಎಂಥಾ ರೂಪ ಇವನದು!" ಅಂದೆ. ರಾಯರು ಮೂಲೆಯ ಪಟ್ಟಿಗಳಿಂದ ಕಣ್ಣು ಕೀಳದೆ, "ಹೌದಾ? ನಾನು ಸರಿಯಾಗಿ ನೋಡೇ ಇಲ್ಲ" ಅಂದರು. ಎಷ್ಟೋ ವರ್ಷ ವಾರವಾರವೂ ಕೊಂದವನ ಮುಖವನ್ನು ಅವರು ನೋಡಿಲ್ಲ! ಆಮೇಲೆ ವಿಚಾರಿಸಿದೆ, ಹೀಲರುಗಳೆಲ್ಲರ ಪಾಡೂ ಅದೇ ಅಂತೆ.

ಗುದ್ದಾಟ ಮುಗಿದ ಮೇಲಿನ ದೃಶ್ಯ ಇನ್ನೂ ಸೊಗಸು. ಮಂತ್ರದ ಶಕ್ತಿ ಖಾಲಿಯಾದರೆ ಕೂತು ನೀರು ಕುಡಿಯಬೇಕು ಎಂಬುದು ಆ ಲೋಕದ ನಿಯಮ. ದಂಡ ಕೆಳಗಿಟ್ಟು, ಬೆಂಕಿಯ ಗುಹೆಯ ನೆಲದ ಮೇಲೆ ಪಟ್ಟಾಗಿ ಕೂತು, ಅರ್ಧ ನಿಮಿಷ ಗುಟುಕು ಗುಟುಕಾಗಿ ನೀರು. ಆ ನೀರನ್ನು ಮಂತ್ರದಿಂದ ಹುಟ್ಟಿಸಿ ಕೊಡುವವರು ಮೇಜ್ ಎಂಬ ಮಾಂತ್ರಿಕರು. ಒಂದು ಸಲ ಒತ್ತಿದರೆ ಇಷ್ಟೇ ನೀರು ಎಂಬ ಲೆಕ್ಕವಿರುವುದರಿಂದ, ರೈಡ್ ಶುರುವಾಗುವ ಮುಂಚೆ ಲೋಕವನ್ನೇ ಸುಡಬಲ್ಲ ಮಹಾಮಾಂತ್ರಿಕರು ಕೂತು ಅರ್ಧ ಗಂಟೆ ನೀರು ತುಂಬಿಸುತ್ತಾರೆ. ಇನ್ನು ರಾಗ್ನರೋಸನನ್ನು ಎಬ್ಬಿಸಬೇಕಾದರೆ ಗುಹೆಯಲ್ಲಿ ಉರಿಯುವ ಏಳು ಗುರುತುಗಳನ್ನು ಆರಿಸಬೇಕು. ಅದಕ್ಕೆ ಬೇರೆಯೇ ನೀರು. ಅದು ಸಿಗುವುದು ಇನ್ನೊಂದು ಖಂಡದ ಪೂರ್ವದ ತುದಿಯಾಚೆಯ ನಡುಗಡ್ಡೆಯಲ್ಲಿ. ಯಾರಾದರೂ ಹೋಗಿ ತರಬೇಕು. ರಾಯರು ಅದಕ್ಕೆ ತೀರ್ಥ ಅನ್ನುತ್ತಾರೆ, ಮತ್ತು ಬಹಳ ಕಾಲ ಅದನ್ನು ತರುತ್ತಿದ್ದವರು ಅವರೇ. ಗ್ರಿಫಿನ್ ಎಂಬ ಹಕ್ಕಿಯ ಬೆನ್ನೇರಿ ಹೋಗಬೇಕು. ಹಕ್ಕಿ ತನಗೆ ಗೊತ್ತಿರುವ ದಾರಿಯಲ್ಲೇ ಹಾರುತ್ತದೆ, ತಿರುಗಿಸುವಂತಿಲ್ಲ, ನಿಲ್ಲಿಸುವಂತಿಲ್ಲ. ದೂರದ ಊರಾದರೆ ಹತ್ತು ನಿಮಿಷ ಪರದೆ ನೋಡುತ್ತ ಕೂರಬೇಕು. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಎರಡು ನಿಮಿಷ ನಿಂತರೆ ಸ್ಟೇರಿಂಗ್ ಗುದ್ದುವ ರಾಯರು ಇಲ್ಲಿ ಗಲ್ಲಕ್ಕೆ ಕೈಕೊಟ್ಟು ಪರಮ ಶಾಂತಿಯಿಂದ ಕೂತಿರುತ್ತಾರೆ.

ಇದೇನು ಸುಖ ಅಂತ ನೀವು ಕೇಳಬಹುದು. ನಾನೂ ಕೇಳಿದೆ. ಉತ್ತರವಾಗಿ ರಾಯರು ಹಂದಿಯ ಕಥೆ ಹೇಳಿದರು.

ಆಟದ ಶುರುವಿನಲ್ಲಿ ಊರ ಗೌಡನಂಥ ಒಬ್ಬ ಬಂದು, ಇಷ್ಟು ಕಾಡುಹಂದಿಯ ಪಿತ್ತಜನಕಾಂಗ ತಂದುಕೊಡು ಅನ್ನುತ್ತಾನೆ. ಹಂದಿ ಹೊಡೆದರೆ ಕೆಲವಕ್ಕೆ ಪಿತ್ತಜನಕಾಂಗವೇ ಇರುವುದಿಲ್ಲ. ಅದಿಲ್ಲದೆ ಆ ಹಂದಿ ಇಷ್ಟು ದಿನ ಓಡಾಡಿಕೊಂಡಿದ್ದದ್ದು ಹೇಗೆ ಅಂತ ಕೇಳಬಾರದು. ಮತ್ತೊಂದು ಹಂದಿ. ಮತ್ತೊಂದು. ಇದಕ್ಕೆ ಗ್ರೈಂಡ್ ಅನ್ನುತ್ತಾರೆ. "ನೋಡಿ," ಅಂದರು ರಾಯರು, "ಇಪ್ಪತ್ತು ಹಂದಿ ಹೊಡೆದರೆ ಹತ್ತು ಸಿಕ್ಕೇ ಸಿಗುತ್ತೆ. ಆಫೀಸಲ್ಲಿ ಇಪ್ಪತ್ತು ವರ್ಷ ಹೊಡೆದರೂ ಗ್ಯಾರಂಟಿ ಇದೆಯಾ?" ಮೊಟ್ಟೆ ಹಾಕಿದ ಕೇಕನ್ನೂ ಮುಟ್ಟದ ಮನುಷ್ಯ ಬೆಳಗಿನ ಜಾವ ಎರಡಕ್ಕೆ ಹಂದಿಯ ಪಿತ್ತಜನಕಾಂಗದಲ್ಲಿ ದೇವರ ನ್ಯಾಯ ಕಂಡುಕೊಂಡಿದ್ದರು.

ಮೀನಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಆಟದಲ್ಲಿ ಮೀನು ಹಿಡಿಯುವ ವಿದ್ಯೆಗೆ 300 ಅಂಕ ಪೂರ್ಣ. ಗಾಳ ಎಸೆಯಬೇಕು, ಬೆಂಡು ಮುಳುಗಿ ನೀರು ಚಿಮ್ಮುವುದನ್ನೇ ಕಾಯಬೇಕು, ಚಿಮ್ಮಿದ ಕ್ಷಣ ಒತ್ತಬೇಕು. ಅಷ್ಟೇ. ರಾಯರದು 300. ಅಡುಗೆಯ ವಿದ್ಯೆಯೂ 300. ಹಿಡಿದ ಮೀನನ್ನು ತಾವೇ ಬೇಯಿಸಿ ತಂಡಕ್ಕೆಲ್ಲ ಬಡಿಸುತ್ತಾರೆ. ಇದು ಮನೆಯವರ ಕಿವಿಗೆ ಬಿದ್ದದ್ದು ತಡವಾಗಿ, ಮಗಳ ಬಾಯಿಂದ. ಅವರಿಗೆ ಆಚಾರ ಕೆಟ್ಟದ್ದರ ಬಗ್ಗೆ ಬೇಜಾರಾಗಲಿಲ್ಲ. "ನಲವತ್ತು ಜನಕ್ಕೆ ಅಡುಗೆ ಮಾಡಿ ಹಾಕ್ತಾರಂತೆ. ಇಲ್ಲಿ ಡಿಕಾಕ್ಷನ್ ಎಲ್ಲಿದೆ ಅಂತ ನನ್ನನ್ನ ಎಬ್ಬಿಸಿ ಕೇಳ್ತಾರೆ" ಅಂದರು.

ಅದೇ ಮಗಳು, ಎಂಟನೇ ಕ್ಲಾಸಿನವಳು, ಇನ್ನೊಂದು ಗುಟ್ಟನ್ನೂ ಬಿಟ್ಟುಕೊಟ್ಟಳು. ಆಟದೊಳಗೆ 'ಪ್ಲೇಯ್ಡ್' ಅಂತ ಟೈಪ್ ಮಾಡಿದರೆ ಆ ಪಾತ್ರದಲ್ಲಿ ಒಟ್ಟು ಎಷ್ಟು ಹೊತ್ತು ಕಳೆದಿದ್ದೀರಿ ಎಂಬ ಲೆಕ್ಕ ದಿನ, ಗಂಟೆ, ನಿಮಿಷ, ಸೆಕೆಂಡುಗಳ ಸಮೇತ ಬರುತ್ತದೆ. ಸಂಸಾರಸ್ಥರ ಮಧ್ಯೆ ಓಡಾಡುವ ಆಟಕ್ಕೆ ಇಂಥ ಸೌಲಭ್ಯ ಇಟ್ಟವನು ಖಂಡಿತ ಬ್ರಹ್ಮಚಾರಿ. ಲೆಕ್ಕ ಬಂತು: 212 ದಿನ. "ದಿನ ಅಂದರೆ ಎಂಟು ಗಂಟೆ ಆಫೀಸ್ ದಿನಾನಾ?" ತಾಯಿ ಕೇಳಿದರು. "ಅಲ್ಲಮ್ಮ, ಇಪ್ಪತ್ತನಾಲ್ಕು ಗಂಟೆದು." ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ನಿನ್ನನ್ನ ಹೊತ್ತಿದ್ದು ಇದಕ್ಕಿಂತ ಒಂಚೂರು ಜಾಸ್ತಿ ಅಷ್ಟೇ" ಅಂದರು.

ಮನೆಯಲ್ಲಿ ಈ ಆಟದ ಮರ್ಮ ಪೂರ್ತಿ ಅರ್ಥವಾದದ್ದು ದೊಡ್ಡ ರಾಯರೊಬ್ಬರಿಗೆ. ಅವರಿಗೆ ಹೇಗೂ ರಾತ್ರಿ ನಿದ್ದೆ ಬರುವುದಿಲ್ಲ. ಮಗನ ಹಿಂದೆ ಕುರ್ಚಿ ಹಾಕಿಕೊಂಡು, ಶಾಲು ಹೊದ್ದು ಕೂರುತ್ತಾರೆ. ರಾಕ್ಷಸರ ಬಗ್ಗೆ ಅವರಿಗೆ ಕುತೂಹಲವಿಲ್ಲ. ಆಡಳಿತದ ಬಗ್ಗೆ ಇದೆ.

ಒಬ್ಬ ರಾಕ್ಷಸ ಸತ್ತರೆ ಅವನ ಹತ್ತಿರ ಸಿಗುವುದು ಎರಡೋ ಮೂರೋ ಸಾಮಾನು. ಪಾಲಿಗೆ ನಿಂತವರು ನಲವತ್ತು ಜನ. ಇದಕ್ಕೆ ಹಿಂದೆಯೇ, 1999ರಲ್ಲಿ ಬಂದ ಎವರ್‌ಕ್ವೆಸ್ಟ್ ಎಂಬ ಆಟದ ಕಾಲದಲ್ಲಿ, ಆಡುವವರೇ ಒಂದು ಉಪಾಯ ಕಂಡುಹಿಡಿದಿದ್ದರು: ಡಿ.ಕೆ.ಪಿ., ಅಂದರೆ ಡ್ರ್ಯಾಗನ್ ಕೊಂದ ಅಂಕ. ಹಾಜರಾದರೆ ಅಂಕ, ಹೊತ್ತಿಗೆ ಸರಿಯಾಗಿ ಬಂದರೆ ಅಂಕ, ಕೊನೆಯ ತನಕ ಇದ್ದರೆ ಅಂಕ. ಕೂಡಿಟ್ಟ ಅಂಕವನ್ನು ಹರಾಜಿನಲ್ಲಿ ಕೂಗಿ ಸಾಮಾನು ತಗೊಳ್ಳಬೇಕು. ಇದನ್ನು ಮಗ ವಿವರಿಸಿದಾಗ ದೊಡ್ಡ ರಾಯರ ಕಣ್ಣಲ್ಲಿ ನಿವೃತ್ತಿಯಾದಾಗಿನಿಂದ ಕಾಣದಿದ್ದ ಹೊಳಪು ಕಂಡಿತಂತೆ. "ಹಾಜರಿ ಪುಸ್ತಕ ಯಾರ ಹತ್ತಿರ ಇದೆ?" ಮೊದಲ ಪ್ರಶ್ನೆ. "ರಜೆ ಹಾಕಿದವರಿಗೆ?" ಮೊದಲೇ ತಿಳಿಸಿದರೆ ಕಳೆಯುವುದಿಲ್ಲ. "ಸಿ.ಎಲ್. ಅನ್ನು." ಹೊಸದಾಗಿ ಸೇರಿದ ಹುಡುಗನೊಬ್ಬ ಮೂರು ತಿಂಗಳ ಅಂಕವನ್ನೆಲ್ಲ ಒಮ್ಮೆಗೆ ಕೂಗಿ, ರಾಯರು ಎರಡು ವರ್ಷದಿಂದ ಕಣ್ಣಿಟ್ಟಿದ್ದ ದಂಡವನ್ನು ಹೊಡೆದುಕೊಂಡಾಗ ಮುದುಕರು ಕುರ್ಚಿಯಿಂದ ಎದ್ದೇಬಿಟ್ಟರು. "ಸೀನಿಯಾರಿಟಿ ಅನ್ನೋದಕ್ಕೆ ಬೆಲೇನೇ ಇಲ್ವೇನೋ? ಒಂದು ರೆಪ್ರೆಸೆಂಟೇಷನ್ ಕೊಡು!"

ರೆಪ್ರೆಸೆಂಟೇಷನ್ ಕೊಡಬೇಕಾಗಿದ್ದು ಗಿಲ್ಡಿನ ಯಜಮಾನನಿಗೆ. ಅವನು ಹತ್ತೊಂಬತ್ತು ವರ್ಷದ ಒಬ್ಬ ಡ್ಯಾನಿಶ್ ಹುಡುಗ. ಆಫೀಸಿನಲ್ಲಿ ಮೂವತ್ತು ಜನರ ಮೇಲೆ ಕೂತಿರುವ ರಾಯರು ಈ ಹುಡುಗನ ದನಿ ಹೆಡ್‌ಫೋನಿನಲ್ಲಿ ಏರಿದರೆ ನೆಟ್ಟಗಾಗುತ್ತಾರೆ. ಗುಹೆಯಲ್ಲಿ ಬ್ಯಾರನ್ ಗೆಡ್ಡನ್ ಎಂಬ ಒಬ್ಬನಿದ್ದಾನೆ. ಅವನು ನಮ್ಮಲ್ಲೇ ಒಬ್ಬನನ್ನು ಬಾಂಬ್ ಮಾಡಿಬಿಡುತ್ತಾನೆ. ಬಾಂಬ್ ಆದವನು ಕೂಡಲೇ ಗುಂಪು ಬಿಟ್ಟು ದೂರ ಓಡಿ ಒಬ್ಬನೇ ಸಿಡಿಯಬೇಕು. ಬೆಂಗಳೂರಿನಿಂದ ಯುರೋಪಿಗೆ ಸುದ್ದಿ ಹೋಗಿ ಬರುವಷ್ಟರಲ್ಲಿ ಉಳಿದವರಿಗಿಂತ ಒಂದು ಗಳಿಗೆ ತಡ. ಅದಕ್ಕೆ ಸರಿಯಾಗಿ ಕರೆಂಟು ಹೋಗಿ ಯುಪಿಎಸ್ ಕೂಗಿಕೊಂಡರೆ ಇನ್ನೂ ತಡ. ಒಂದು ರಾತ್ರಿ ರಾಯರು ಬಾಂಬ್ ಆದದ್ದು ರಾಯರಿಗೇ ಕೊನೆಗೆ ಗೊತ್ತಾಯಿತು. ನಡುಗುಂಪಿನಲ್ಲಿ ಸಿಡಿದರು. ಆಮೇಲೆ ಕಾಲು ಗಂಟೆ, "ಯೆಸ್... ಸಾರಿ... ಮೈ ಮಿಸ್ಟೇಕ್... ಸಾರಿ." ಒಳಕೋಣೆಯಿಂದ ಮನೆಯವರ ದನಿ ಬಂತು: "ನನಗೆ ಹದಿನೆಂಟು ವರ್ಷದಲ್ಲಿ ಒಂದೇ ಒಂದು ಸಲ ಹೇಳಿಲ್ಲ, ಆ ಹುಡುಗನಿಗೆ ನಾಲ್ಕು!"

ಬೇರೆ ಆಟಗಳ ಪುರಾಣವನ್ನೂ ದೊಡ್ಡ ರಾಯರು ಮಗನಿಂದ ಹೇಳಿಸಿಕೊಂಡಿದ್ದಾರೆ. ಐಸ್‌ಲ್ಯಾಂಡಿನ ಕಂಪನಿಯೊಂದು 2003ರಿಂದ ನಡೆಸುತ್ತಿರುವ ಈವ್ ಆನ್‌ಲೈನ್ ಎಂಬುದು ಅವರಿಗೆ ಅಚ್ಚುಮೆಚ್ಚು. ಅದರಲ್ಲಿ ನಕ್ಷತ್ರಮಂಡಲಗಳನ್ನು ಹಿಡಿದಿಟ್ಟುಕೊಳ್ಳಲು ಆಗ ಕಾಲಕಾಲಕ್ಕೆ ಹಣ ಕಟ್ಟುತ್ತಿರಬೇಕಾಗಿತ್ತು. 2014ರ ಜನವರಿಯಲ್ಲಿ ಒಂದು ಒಕ್ಕೂಟದವರ ಕಂತು ಹೇಗೋ ಕಟ್ಟದೆ ಉಳಿಯಿತು. ಒಡೆತನ ಬಿದ್ದುಹೋಯಿತು. ಕಾಯುತ್ತಿದ್ದ ಶತ್ರುಗಳು ನುಗ್ಗಿದರು. ಏಳು ಸಾವಿರಕ್ಕೂ ಹೆಚ್ಚು ಜನ ಸೇರಿದ ಆ ಯುದ್ಧ 21 ಗಂಟೆ ನಡೆಯಿತು, ಮೂರು ಲಕ್ಷ ಡಾಲರಿನಷ್ಟು ಬೆಲೆಯ ಹಡಗುಗಳು ಪುಡಿಯಾದವು. ಜನ ಹೆಚ್ಚಾದರೆ ಕಂಪ್ಯೂಟರ್ ತಡೆದುಕೊಳ್ಳಲೆಂದು ಆ ಆಟದಲ್ಲಿ ಕಾಲವನ್ನೇ ನಿಧಾನ ಮಾಡುತ್ತಾರೆ. ಒಂದು ಸೆಕೆಂಡಿನಲ್ಲಿ ಆಗಬೇಕಾದ ಕೆಲಸಕ್ಕೆ ಹತ್ತು ಸೆಕೆಂಡು. ಅಂದರೆ 21 ಗಂಟೆಯ ಬಹುಪಾಲು ಯೋಧರು ಒಂದು ಗುಂಡಿ ಒತ್ತಿ, ಅದರ ಫಲ ಕಾಣುವ ತನಕ ಕಾಫಿ ಕುಡಿದು ಬರುತ್ತಿದ್ದರು. ಇದನ್ನೆಲ್ಲ ಕೇಳಿದ ಶಿರಸ್ತೇದಾರರಿಗೆ ಒಂದಿಷ್ಟೂ ಆಶ್ಚರ್ಯವಾಗಲಿಲ್ಲ. "ಕಂದಾಯ ಕಟ್ಟದಿದ್ರೆ ಜಪ್ತಿ ಆಗದೆ ಇನ್ನೇನಾಗುತ್ತೆ? ಜನ ಜಾಸ್ತಿ ಆದರೆ ಕೆಲಸ ನಿಧಾನ ಆಗೋದೂ ಸಹಜ."

ರಾಯರ ಆಟದಲ್ಲೇ ಇನ್ನೊಂದು ಪ್ರಸಂಗವಿದೆ. ಆಟ ತಯಾರಾಗುತ್ತಿದ್ದಾಗ, ಜನ ವಿರಾಮವಿಲ್ಲದೆ ಆಡಬಾರದೆಂದು ಕಂಪನಿಯವರು ಒಂದು ನಿಯಮ ಮಾಡಿದ್ದರು: ಬಹಳ ಹೊತ್ತು ಆಡಿದವನಿಗೆ ದಣಿವು, ಸಿಗುವ ಅನುಭವದ ಅಂಕ ಅರ್ಧಕ್ಕೆ ಇಳಿಯುತ್ತದೆ. ಪರೀಕ್ಷೆಗೆ ಆಡಿದವರು ಉರಿದುಬಿದ್ದರು. ಕಂಪನಿಯವರು ಅಂಕಿಯನ್ನು ಬದಲಿಸದೆ ಹೆಸರನ್ನಷ್ಟೇ ಬದಲಿಸಿದರು. ಆ ಅರ್ಧವೇ ಇನ್ನುಮುಂದೆ ಸಾಮಾನ್ಯ ಅಂಕ; ಮೊದಲಿನ ಪೂರ್ತಿಯೇ ವಿಶ್ರಾಂತಿ ಪಡೆದು ಬಂದವರಿಗೆ ಕೊಡುವ ದುಪ್ಪಟ್ಟು ಅಂಕ! ಎಲ್ಲರೂ ಖುಷಿಯಾದರು. ದೊಡ್ಡ ರಾಯರು ತೊಡೆ ತಟ್ಟಿ ನಕ್ಕರು. "ತುಟ್ಟಿಭತ್ಯೆ ತೆಗೆದು ಮೂಲವೇತನಕ್ಕೆ ಸೇರಿಸಿದಾಗ ನಾವೂ ಪೇಢ ಹಂಚಿದ್ವಿ ಕಣೋ."

ಆದರೆ ಬೇಸರಕ್ಕೂ ಈ ಜನಕ್ಕೂ ಇರುವ ನಂಟು ನಿಜವಾಗಿ ಬಯಲಾದದ್ದು ಆಮೇಲೆ. ವರ್ಷ ಹೋದಂತೆ ಕಂಪನಿಯವರಿಗೆ ಕರುಣೆ ಬಂತು. ಅಷ್ಟು ದೂರ ಯಾಕೆ ನಡೀಬೇಕು, ಜೊತೆಗಾರರಿಗಾಗಿ ಊರ ಬಾಗಿಲಲ್ಲಿ ನಿಂತು ಯಾಕೆ ಕೂಗಬೇಕು ಅಂತ ಒಂದೊಂದೇ ತೊಡಕು ಕಿತ್ತರು. 2009ರ ಕೊನೆಗೆ, ಒಂದು ಗುಂಡಿ ಒತ್ತಿದರೆ ಐದು ಜನರ ತಂಡವನ್ನು ತಾನೇ ಕೂಡಿಸಿ, ನೇರ ಗುಹೆಯೊಳಗೇ ಇಳಿಸುವ ವ್ಯವಸ್ಥೆ ಬಂತು. ಇಳಿ, ಹೊಡಿ, ಎದ್ದು ಹೋಗು. ಯಾರು ಯಾರ ಹೆಸರನ್ನೂ ಕೇಳಬೇಕಾಗಿಲ್ಲ. ರಾಯರು ಸ್ವಲ್ಪ ದಿನ ಹಾಯಾಗಿದ್ದರು, ಆಮೇಲೆ ಮಂಕಾದರು, ಆಮೇಲೆ ಆಟವನ್ನೇ ಬಿಟ್ಟರು. ಮನೆಯವರು ಸತ್ಯನಾರಾಯಣ ಪೂಜೆ ಮಾಡಿಸಿದರು.

ಬಿಟ್ಟವರು ಇವರೊಬ್ಬರೇ ಅಲ್ಲ. ಹಳೆಯ ಕಾಲದ ತಾಪತ್ರಯವೆಲ್ಲ ಹಾಗೇ ಇರುವ ಸರ್ವರ್ ಬೇಕು ಅಂತ 2013ರ ಕಂಪನಿ ಸಮಾವೇಶದಲ್ಲಿ ಒಬ್ಬ ಅಭಿಮಾನಿ ಕೇಳಿದ. ವೇದಿಕೆಯ ಮೇಲಿದ್ದ ಅಧಿಕಾರಿ, ಬೇಕು ಅಂತ ನಿಮಗೆ ಅನ್ನಿಸುತ್ತದೆ ಅಷ್ಟೇ, ನಿಜವಾಗಿ ಬೇಕಿಲ್ಲ ಎಂಬರ್ಥದ ಉತ್ತರ ಕೊಟ್ಟು ಕೂರಿಸಿದರು. ಕೆಲವರು ಕದ್ದುಮುಚ್ಚಿ ತಾವೇ ಹಳೆಯ ಆಟವನ್ನು ನಡೆಸತೊಡಗಿದರು. ಅಂಥದ್ದರಲ್ಲಿ ದೊಡ್ಡದಾಗಿದ್ದ ನಾಸ್ಟಾಲ್ರಿಯಸ್ 2016ರಲ್ಲಿ ಕಂಪನಿಯ ವಕೀಲರ ಪತ್ರ ಬಂದು ಮುಚ್ಚಿದಾಗ, ನಮ್ಮ ಬೇಸರ ನಮಗೆ ವಾಪಸು ಕೊಡಿ ಎಂಬ ಅರ್ಜಿಗೆ ಎರಡು ಲಕ್ಷಕ್ಕೂ ಮೇಲೆ ಜನ ಸಹಿ ಹಾಕಿದರು. ಮನುಷ್ಯಚರಿತ್ರೆಯಲ್ಲಿ ಕಷ್ಟ ಕಡಿಮೆ ಮಾಡಿ ಅಂತ ಎಷ್ಟೋ ಅರ್ಜಿ ಬಿದ್ದಿವೆ. ನಡೆದುಕೊಂಡೇ ಹೋಗುತ್ತೇವೆ, ದಯಮಾಡಿ ದೂರ ಮಾಡಿ ಅಂತ ಬಿದ್ದದ್ದು ಕಡಿಮೆ. ಕಂಪನಿ ಮಣಿಯಿತು. 2019ರ ಆಗಸ್ಟಿನಲ್ಲಿ ಹಳೆಯ ಆಟ ಕ್ಲಾಸಿಕ್ ಎಂಬ ಹೆಸರಿನಲ್ಲಿ ಮರಳಿ ಬಂತು. ಆ ರಾತ್ರಿ ಸರ್ವರಿನ ಒಳಗೆ ಹೋಗುವುದಕ್ಕೇ ಸಾವಿರಾರು ಜನರ ಸಾಲು. ಒಳಗೆ ಹೋದರೆ, ಒಬ್ಬ ರಾಕ್ಷಸನನ್ನು ಕೊಲ್ಲಲು ಬೇರೆ ಸಾಲು: ಒಬ್ಬರ ಹಿಂದೆ ಒಬ್ಬರು ಶಿಸ್ತಾಗಿ ನಿಂತು, ಅವನು ಹುಟ್ಟಿದ ಕೂಡಲೇ ಮೊದಲಿನವನು ಕೊಂದು, ಮುಂದಿನವನಿಗೆ ಜಾಗ ಬಿಟ್ಟು ಹೋಗುತ್ತಿದ್ದರು. ನಮ್ಮ ರಾಯರೂ ನಿಂತರು. ಗಾಂಧಿ ಬಜಾರಿನ ಹೋಟೆಲಿನಲ್ಲಿ ಊಟ ಮಾಡುತ್ತಿರುವವರ ಕುರ್ಚಿ ಹಿಂದೆಯೇ ಹೋಗಿ ನಿಲ್ಲುವ ಮನುಷ್ಯ, ಅಲ್ಲಿ ಮುಕ್ಕಾಲು ಗಂಟೆ ತನ್ನ ಸರದಿಗೆ ಕಾದರು.

ನನಗನ್ನಿಸುವುದು, ಆ ಸಾಲಿನಲ್ಲಿ ಅವರಿಗೆ ಬೇಕಾದದ್ದು ಸಿಕ್ಕಿತ್ತು. ಮುಂದೆ ನಿಂತವನು ಫಿನ್‌ಲೆಂಡಿನ ಒಬ್ಬ ಬಸ್ ಡ್ರೈವರು, ಹಿಂದೆ ನಿಂತವಳು ಪೋಲೆಂಡಿನ ನರ್ಸು. ಮಾಡಲು ಬೇರೆ ಕೆಲಸವಿಲ್ಲ, ಮಾತಾಡಿದರು. ಅವರ ಮಕ್ಕಳೆಷ್ಟು, ಇವರ ಊರಲ್ಲಿ ಮಳೆ ಹೇಗೆ. ಊರಕಟ್ಟೆಯ ಮೇಲೆ ಕೂತವರಿಗೆ ಬಸ್ಸು ತಡವಾದಷ್ಟೂ ಲಾಭ. ಹೀಲರ್ ನೀರು ಕುಡಿಯುವ ಆ ಅರ್ಧ ನಿಮಿಷ, ಹಕ್ಕಿ ಹಾರುವ ಆ ಹತ್ತು ನಿಮಿಷ ಇಲ್ಲದಿದ್ದರೆ ಮೂರು ದೇಶದವರಿಗೆ ರಾಯರ ಸೊಂಟನೋವಿನ ವಿಷಯ ತಿಳಿಯುತ್ತಿರಲಿಲ್ಲ. ಪೋಲೆಂಡಿನ ನರ್ಸು ಹೇಳಿಕೊಟ್ಟ ವ್ಯಾಯಾಮವನ್ನು ರಾಯರು ಈಗಲೂ ಮಾಡುತ್ತಾರೆ. ರಾಕ್ಷಸ ನೆಪ.

ಬರೀ ಏರುವ ಅಂಕಿಯೇ ಸುಖವಾಗಿದ್ದರೆ ಅದಕ್ಕೆ ಬೇರೆ ಮದ್ದಿದೆ. 2002ರಲ್ಲಿ ಇಂಥ ಆಟಗಳನ್ನು ಅಣಕಿಸಲೆಂದೇ ಪ್ರೋಗ್ರೆಸ್ ಕ್ವೆಸ್ಟ್ ಎಂಬ ಆಟ ಬಂತು; ಹೆಸರು, ಜಾತಿ, ಕಸುಬು ಆರಿಸಿಕೊಟ್ಟರೆ ಮುಗಿಯಿತು, ಮಿಕ್ಕದ್ದನ್ನೆಲ್ಲ ಅದೇ ಆಡಿಕೊಳ್ಳುತ್ತದೆ, ನಾವು ತುಂಬುವ ಪಟ್ಟಿಯನ್ನು ನೋಡುತ್ತ ಕೂತಿದ್ದರೆ ಸಾಕು. ಮಗಳು ಅಪ್ಪನಿಗೆ ಬುದ್ಧಿ ಬರಲಿ ಅಂತ ಅದನ್ನು ಹಾಕಿಕೊಟ್ಟಳು. ರಾಯರು ಒಂದು ಸಂಜೆ ಗಂಭೀರವಾಗಿ ನೋಡಿದರು. "ಪರವಾಗಿಲ್ಲ," ಅಂದರು, "ಆದರೆ ಮಾತಾಡೋಕೆ ಯಾರೂ ಇಲ್ಲ."

ಇಂಥವರಿಂದ ಲೋಕಕ್ಕೇನು ಉಪಯೋಗ ಅನ್ನುವವರು ಮೈಸೂರಿನಲ್ಲಿ ನಡೆದ ಅವರ ತಂಗಿಯ ಮಗಳ ಮದುವೆಗೆ ಬರಬೇಕಾಗಿತ್ತು. ಸೋದರಮಾವನೆಂದು ರಾಯರಿಗೇ ಛತ್ರದ ಉಸ್ತುವಾರಿ ಬಿತ್ತು. ನೆಂಟರಿಷ್ಟರು ಇವನಿಂದೇನಾದೀತು ಅಂದುಕೊಂಡಿದ್ದರು. ರಾಯರು ಹಿಂದಿನ ರಾತ್ರಿಯೇ ಲ್ಯಾಪ್‌ಟಾಪ್ ತೆರೆದು, ಕೈಗೆ ಸಿಕ್ಕ ನೆಂಟರನ್ನು ಎಣಿಸಿ ನಲವತ್ತು ಜನರನ್ನು ಐದೈದರ ಎಂಟು ಗುಂಪು ಮಾಡಿದರು. ಬಾಗಿಲಲ್ಲಿ ಪನ್ನೀರು ಒಂದು ಗುಂಪು, ತಿಂಡಿಯ ಪಂಕ್ತಿ ಎರಡು, ಪುರೋಹಿತರಿಗೆ ಸಾಮಾನು ಎತ್ತಿಕೊಡಲು ಒಂದು, ಅಡುಗೆಯವರ ಮೇಲೆ ಕಣ್ಣಿಡಲು ಒಂದು. ನೀರಿನವರು ನೀರು ಬಿಟ್ಟು ಬೇರೆ ಏನನ್ನೂ ಮುಟ್ಟಕೂಡದು ಅಂತ ಕಟ್ಟಪ್ಪಣೆ. ಕಾಶಿಯಾತ್ರೆಯ ಹೊತ್ತಿಗೆ ಛತ್ರಿ, ಚಪ್ಪಲಿ, ಬೆತ್ತ ಯಾರ ಕೈಯಲ್ಲಿರಬೇಕು ಎಂಬುದು ಕೂಡ ಪಟ್ಟಿಯಲ್ಲಿತ್ತು.

ಗಂಡಿನ ಕಡೆಯಲ್ಲಿ ಒಬ್ಬ ದೊಡ್ಡಪ್ಪ ಇದ್ದರು. ಕಾಫಿ ಆರಿದೆ, ರೂಮಿನ ಫ್ಯಾನು ತಿರುಗುತ್ತಿಲ್ಲ, ನಮ್ಮನ್ನು ಯಾರೂ ವಿಚಾರಿಸಲಿಲ್ಲ ಎಂದು ಮದುವೆಯಿಂದ ಮದುವೆಗೆ ಸಿಡಿಯುತ್ತ ಹೋಗುವುದು ಅವರ ಖ್ಯಾತಿ. ಅವರ ಸುದ್ದಿ ಕೇಳಿದ್ದೇ ರಾಯರು ಕೇಳಿದ್ದು ಒಂದೇ ಮಾತು: "ನಮ್ಮಲ್ಲಿ ಟ್ಯಾಂಕ್ ಯಾರಿದಾರೆ?" ನಿವೃತ್ತ ಹೆಡ್‌ಮಾಸ್ಟರಾದ ರಾಯರ ಚಿಕ್ಕಪ್ಪನನ್ನು ನೇಮಿಸಲಾಯಿತು. ಚಿಕ್ಕಪ್ಪನಿಗೆ ಎರಡೂ ಕಿವಿ ಮಂದ, ಮುಖದಲ್ಲಿ ಸದಾ ನಗು. ದೊಡ್ಡಪ್ಪ ಎರಡು ದಿನ ಎದುರಿಗೆ ಕೂತು ಎಡೆಬಿಡದೆ ಬೈದರು. ಚಿಕ್ಕಪ್ಪ ಎರಡು ದಿನವೂ, "ಹೌದು ಹೌದು, ಎಲ್ಲಾ ನಿಮ್ಮ ಆಶೀರ್ವಾದ" ಅಂದರು. ಹೀಲರ್ ಕೆಲಸಕ್ಕೆ ರಾಯರ ಮನೆಯವರು. ಗಳಿಗೆಗೊಂದು ಸಲ ಹೋಗಿ ಚಿಕ್ಕಪ್ಪನಿಗೆ ಬಾದಾಮಿ ಹಾಲು ಕೊಟ್ಟು ಬರುತ್ತಿದ್ದರು. ಮಿಕ್ಕವರ ಮೇಲೆ ಒಂದು ಕಿಡಿಯೂ ಬೀಳಲಿಲ್ಲ. ಮುಹೂರ್ತ ಹೊತ್ತಿಗೆ ಸರಿಯಾಗಿ ನಡೆಯಿತು. ನಮ್ಮ ಕಡೆಯ ಮದುವೆಗಳಲ್ಲಿ ಇದು ಅಪರೂಪ.

ಈ ಶಿಸ್ತನ್ನೆಲ್ಲ ಎಲ್ಲಿ ಕಲಿತೆ ಅಂತ ನೆಂಟರು ಕೇಳಿದರೆ ರಾಯರು, "ಆಫೀಸಲ್ಲಿ" ಅಂದರು. ಅಷ್ಟೊಂದು ತಾಳ್ಮೆ ಎಲ್ಲಿಂದ ಬಂತು ಅಂತ ಆಫೀಸಿನವರು ಕೇಳಿದಾಗಲೆಲ್ಲ ಅವರು, "ಮನೇಲಿ" ಅನ್ನುವುದನ್ನು ನಾನು ಕೇಳಿದ್ದೇನೆ.

ತೊಂದರೆಯಾದದ್ದು ಎಲ್ಲ ಮುಗಿದ ಮೇಲೆ. ಬೀಗರ ಔತಣ ಆಗಿ, ಗಂಡಿನವರು ಹೊರಟುಹೋಗಿ, ಉಗ್ರಾಣದಲ್ಲಿ ಒಂದೇ ಒಂದು ಡಬ್ಬ ಚಿರೋಟಿ ಉಳಿದಿತ್ತು. ಕೇಳುವವರು ಆರು ಮನೆಯವರು. ಅಷ್ಟರೊಳಗೆ ದೊಡ್ಡ ರಾಯರು ಎರಡು ದಿನದಿಂದ ಕಂಬಕ್ಕೊರಗಿ ಕೂತು ನೆಂಟರಿಗೆಲ್ಲ ಅಂಕದ ಪದ್ಧತಿಯನ್ನು ಬಿಡಿಸಿ ಹೇಳಿಬಿಟ್ಟಿದ್ದರು. ರಾಯರ ಸೋದರತ್ತೆ ಡಬ್ಬದ ಮೇಲೆ ಕೈಯಿಟ್ಟು ನಿಂತರು.

"ಮೂರು ಮದುವೆ, ಎರಡು ಮುಂಜಿ, ನಿನ್ನ ಹೆಂಡತಿ ಸೀಮಂತ. ಒಂದಕ್ಕೂ ತಪ್ಪಿಸಿದವಳಲ್ಲ ನಾನು. ನನ್ನ ಅಂಕ ಎಷ್ಟಾಯ್ತು ಹೇಳು."

"ತಡವಾಗಿ ಬಂದದ್ದಕ್ಕೆ ಕಳೀಬೇಕಮ್ಮ," ದೊಡ್ಡ ರಾಯರು ಕೂತಲ್ಲಿಂದಲೇ ತಂಗಿಗೆ ಹೇಳಿದರು. "ಎರಡನೇ ಮುಂಜಿಗೆ ನೀನು ಬಂದದ್ದು ಎಲೆ ಹಾಕಿದ ಮೇಲೆ."

"ಅದು ರೈಲು ತಡ ಆಗಿದ್ದು!"

"ಮುಂಚೆ ತಿಳಿಸಿದ್ಯಾ? ತಿಳಿಸಿದ್ರೆ ಸಿ.ಎಲ್. ಬರೀಬಹುದು."

ಅತ್ತೆ ಸೋದರಳಿಯನ ಕಡೆ ತಿರುಗಿದರು. ರಾಯರು ಆಗಲೇ ಲ್ಯಾಪ್‌ಟಾಪಿನಲ್ಲಿ ಹೊಸ ಕಾಲಂ ಎಳೆಯುತ್ತಿದ್ದರು. "ಅಂಕ ಆಮೇಲೆ ನೋಡೋಣ ಅತ್ತೆ," ಅಂದರು, ಪರದೆಯಿಂದ ಕಣ್ಣು ಕೀಳದೆ. "ಮೊದಲು ಹೇಳಿ, ಎಷ್ಟಕ್ಕೆ ಕೂಗ್ತೀರಿ?"